ನಾರ್ಫೋಕ್‌ನ ಹಳೆಯ ಚರ್ಚುಗಳು: ಎರಡು ದಿನವಿದ್ದರೆ ಯಾವ ದಾರಿ ಹಿಡಿಯಬೇಕು?

ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ಫೋಕ್ ಕೌಂಟಿಗೆ ಒಂದೆರಡು ದಿನ ಹೋಗಿಬರಬೇಕೆಂದಿರುವ ಓದುಗರು, ಅದರಲ್ಲೂ ಬೇಸಿಗೆಯಲ್ಲಿ ಊರಿನಿಂದ ತಂದೆ ತಾಯಿಯರನ್ನು ಕರೆಸಿಕೊಂಡಿರುವ ಲಂಡನ್ ಮತ್ತು ಕೇಂಬ್ರಿಜ್ ಕಡೆಯ ಕನ್ನಡಿಗರು, ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ನಾರಿಚ್ ನಗರದ ಕೆಥೀಡ್ರಲ್ ನೋಡಿದರೆ ಸಾಕೇ, ವಾಲ್ಸಿಂಗಂ ಯಾತ್ರಾಸ್ಥಳಕ್ಕೆ ಹೋಗಬೇಕೇ, ಅಥವಾ ತಿಳಿದವರು ಹೊಗಳುವ ಹಳ್ಳಿಯ ಚರ್ಚುಗಳನ್ನು ಹುಡುಕಿಕೊಂಡು ಕಾರಿನಲ್ಲಿ ಅಲೆಯಬೇಕೇ? ಈ ಗೊಂದಲಕ್ಕೆ ಕಾರಣವಿಲ್ಲದೆ ಇಲ್ಲ. ಮಧ್ಯಯುಗದಲ್ಲಿ ಕಟ್ಟಿದ ಆರುನೂರಕ್ಕೂ ಹೆಚ್ಚು ಚರ್ಚುಗಳು ಈ ಒಂದೇ ಕೌಂಟಿಯಲ್ಲಿ ಇಂದಿಗೂ ನಿಂತಿವೆ. ಆ ಕಾಲಕ್ಕೆ ನಾರ್ಫೋಕ್ ದೇಶದ ಅತ್ಯಂತ ಜನನಿಬಿಡ ಮತ್ತು ಸಿರಿವಂತ ಭಾಗಗಳಲ್ಲಿ ಒಂದಾಗಿತ್ತು. ಉಣ್ಣೆಯ ನೂಲಿನಿಂದ ಮತ್ತು ಬಟ್ಟೆಯ ವ್ಯಾಪಾರದಿಂದ ಬಂದ ಹಣವನ್ನು ಊರೂರಿನವರು ಚರ್ಚು ಕಟ್ಟಲು ಸುರಿದರು. ಮುಂದೆ ಕೈಗಾರಿಕೆಗಳು ಬೇರೆ ಕಡೆ ಬೆಳೆದು ಇಲ್ಲಿ ಹಣದ ಹರಿವು ತಗ್ಗಿದ ಕಾರಣ, ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಉತ್ಸಾಹವೂ ಹೆಚ್ಚಿನ ಊರುಗಳಲ್ಲಿ ಉಳಿಯಲಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಕೆಥೀಡ್ರಲ್ಲುಗಳು ಇಂಗ್ಲೆಂಡಿನ ಬೇರೆ ಕೌಂಟಿಗಳಲ್ಲೂ ಇವೆ, ಆದರೆ ಇಷ್ಟು ಒತ್ತೊತ್ತಾಗಿ ಇಷ್ಟು ಒಳ್ಳೆಯ ಹಳ್ಳಿ ಚರ್ಚುಗಳು ಸಿಗುವುದು ಇಲ್ಲಿ ಮಾತ್ರ. ಆದ್ದರಿಂದ ಕಾರು ಇರುವವರು ನಗರಕ್ಕೆ ಹೆಚ್ಚೆಂದರೆ ಅರ್ಧ ದಿನ ಕೊಟ್ಟು ಹಳ್ಳಿಗಳಿಗೆ ಹೊರಡುವುದು ಮೇಲು. ಕಾರಿಲ್ಲದವರ ಲೆಕ್ಕಾಚಾರ ಬೇರೆಯೇ ಆಗುತ್ತದೆ, ಅವರು ಹಳ್ಳಿಗಳ ಬಗ್ಗೆ ಚಿಂತಿಸದೆ ನಾರಿಚ್ ಅಥವಾ ಕಿಂಗ್ಸ್ ಲಿನ್ ಪಟ್ಟಣವನ್ನೇ ನಿಧಾನವಾಗಿ ನೋಡಬಹುದು.

ಆಯ್ಕೆಗೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಮೊದಲನೆಯದು ವಾಹನ. ನಾರಿಚ್‌ಗೆ ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಎರಡು ಗಂಟೆಯ ಹಾದಿ. ಕಿಂಗ್ಸ್ ಲಿನ್‌ಗೆ ಕಿಂಗ್ಸ್ ಕ್ರಾಸ್‌ನಿಂದ ಕೇಂಬ್ರಿಜ್ ಮತ್ತು ಈಲಿಯ ಮೂಲಕ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಈ ಎರಡು ಪಟ್ಟಣಗಳನ್ನು ಬಿಟ್ಟರೆ ಒಳನಾಡಿನ ಬಸ್ಸುಗಳು ವಿರಳ, ಭಾನುವಾರವಂತೂ ಇನ್ನೂ ವಿರಳ. ಒಂದು ಹಳ್ಳಿಯ ಚರ್ಚಿನಿಂದ ಮುಂದಿನದಕ್ಕೆ ಐದು ಕಿಲೋಮೀಟರ್ ಇದ್ದರೂ ಬಸ್ಸನ್ನು ನಂಬಿದವರಿಗೆ ಅರ್ಧ ದಿನ ಹಿಡಿಯಬಹುದು.

ಎರಡನೆಯದು ಕಾಲು ಮತ್ತು ಮಂಡಿಯ ಸ್ಥಿತಿ. ಹಳ್ಳಿಯ ಚರ್ಚುಗಳಲ್ಲಿ ಸಾಮಾನ್ಯವಾಗಿ ಶೌಚಾಲಯ ಇರುವುದಿಲ್ಲ, ನೆಲ ಏರುಪೇರಾಗಿರುತ್ತದೆ, ಜುಲೈ ತಿಂಗಳಲ್ಲೂ ಒಳಗೆ ತಂಪು ಹೊಡೆಯುತ್ತದೆ. ವಯಸ್ಸಾದವರು ಜೊತೆಗಿದ್ದರೆ ಎರಡು ಹಳ್ಳಿಗಳ ನಡುವೆ ಒಂದು ಸಂತೆಪೇಟೆಯನ್ನೋ ಚಹಾದಂಗಡಿಯನ್ನೋ ದಾರಿಯಲ್ಲಿ ಸೇರಿಸಿಕೊಳ್ಳಲೇಬೇಕು. ಮೂರನೆಯದು ಬಾಗಿಲು. ಹೆಚ್ಚಿನ ಹಳ್ಳಿ ಚರ್ಚುಗಳನ್ನು ಬೆಳಿಗ್ಗೆ ತೆರೆದು ಸಂಜೆ ಮುಚ್ಚುತ್ತಾರೆ, ಒಳಗೆ ಯಾರೂ ಇರುವುದಿಲ್ಲ, ಕಬ್ಬಿಣದ ದೊಡ್ಡ ಬಳೆಯನ್ನು ತಿರುಗಿಸಿ ತಳ್ಳಿದರೆ ಬಾಗಿಲು ತೆರೆದುಕೊಳ್ಳುತ್ತದೆ. ಆದರೆ ಮದುವೆ, ಶವಸಂಸ್ಕಾರ ಮತ್ತು ಭಾನುವಾರದ ಪ್ರಾರ್ಥನೆಯ ಹೊತ್ತಿನಲ್ಲಿ ನೋಡಲು ಬಂದವರು ಹೊರಗೇ ಕಾಯಬೇಕಾಗುತ್ತದೆ.

ಹಣದ ಪ್ರಶ್ನೆ ಇಲ್ಲಿ ಅಷ್ಟು ಕಾಡುವುದಿಲ್ಲ. ನಾರಿಚ್ ಕೆಥೀಡ್ರಲ್ಲಿಗಾಗಲಿ ಹಳ್ಳಿಯ ಚರ್ಚುಗಳಿಗಾಗಲಿ ಪ್ರವೇಶ ಶುಲ್ಕವಿಲ್ಲ. ಟಿಕೆಟ್ ಕೊಳ್ಳಬೇಕಾದದ್ದು ಕಾಸಲ್ ಏಕರ್ ಮತ್ತು ವಾಲ್ಸಿಂಗಂನ ಹಾಳುಮಠಗಳಂಥ ಕೆಲವೇ ಕಡೆ. ಖರ್ಚೆಲ್ಲ ರೈಲಿಗೆ, ಪೆಟ್ರೋಲಿಗೆ ಮತ್ತು ತಂಗುವುದಕ್ಕೆ. ಹಾಗೆಂದು ಬಾಗಿಲ ಬಳಿಯ ಕಾಣಿಕೆ ಡಬ್ಬಿಯನ್ನು ಕಾಣದವರಂತೆ ದಾಟಿ ಬರುವುದು ಸರಿಯಲ್ಲ, ಏಕೆಂದರೆ ಬಳಕೆಯಲ್ಲಿರುವ ಚರ್ಚಿನ ಸೂರು ಸೋರಿದರೆ ಅದನ್ನು ಸರಿಪಡಿಸುವ ಹೊಣೆ ಮುಖ್ಯವಾಗಿ ಅಲ್ಲಿನ ಬೆರಳೆಣಿಕೆಯ ಸದಸ್ಯರ ಮೇಲೆಯೇ ಬೀಳುತ್ತದೆ.

ಕಡೆಯದು, ನಿಮಗೆ ಏನು ಬೇಕು ಎಂಬುದು. ಕಟ್ಟಡದ ಭವ್ಯತೆಯೋ, ಮರಗೆತ್ತನೆ ಮತ್ತು ಚಿತ್ರಗಳೋ, ಇಂದಿಗೂ ಜೀವಂತವಾಗಿರುವ ಭಕ್ತಿಯೋ, ಅಥವಾ ಯಾರೂ ಇಲ್ಲದ ಜಾಗದ ನೆಮ್ಮದಿಯೋ? ಈ ನಾಲ್ಕೂ ಒಂದೇ ಕಡೆ ಸಿಗುವುದಿಲ್ಲ.

ನಾರಿಚ್: ಕಾರಿಲ್ಲದವರಿಗೆ, ಮೊದಲ ಸಲ ಬಂದವರಿಗೆ

ಕೆಥೀಡ್ರಲ್ಲಿನ ಕಟ್ಟಡವನ್ನು 1096ರಲ್ಲಿ ಬಿಷಪ್ ಹರ್ಬರ್ಟ್ ಡಿ ಲೊಸಿಂಗಾ ಆರಂಭಿಸಿದನು. ನಾರ್ಫೋಕ್‌ನಲ್ಲಿ ಒಳ್ಳೆಯ ಕಟ್ಟಡದ ಕಲ್ಲು ಸಿಗುವುದಿಲ್ಲವಾದ್ದರಿಂದ ಫ್ರಾನ್ಸಿನ ಕಾನ್ ಪಟ್ಟಣದ ಸೀಮೆಯಿಂದ ತಿಳಿಬಣ್ಣದ ಕಲ್ಲನ್ನು ಹಡಗಿನಲ್ಲಿ ತರಿಸಲಾಯಿತು. 96 ಮೀಟರ್ ಎತ್ತರದ ಇದರ ಶಿಖರಕ್ಕಿಂತ ಎತ್ತರದ್ದು ಇಂಗ್ಲೆಂಡಿನಲ್ಲಿ ಸಾಲ್ಸ್‌ಬರಿಯದೊಂದೇ. ಆದರೆ ಇಲ್ಲಿ ನೋಡಲೇಬೇಕಾದದ್ದು ಶಿಖರವಲ್ಲ. ಕಲ್ಲಿನ ಚಾವಣಿಯ ಕಮಾನುಗಳು ಒಂದನ್ನೊಂದು ಕೂಡುವ ಜಾಗದಲ್ಲೆಲ್ಲ ಒಂದೊಂದು ಕೆತ್ತನೆಯ ಗುಬ್ಬಿ, ಎಂದರೆ ಉಬ್ಬಿದ ಕಲ್ಲಿನ ಗುಂಡಿ, ಇದೆ, ಇಂಥವು ಸಾವಿರಕ್ಕೂ ಹೆಚ್ಚು. 1463ರಲ್ಲಿ ಮರದ ಚಾವಣಿ ಸುಟ್ಟುಹೋದ ಮೇಲೆ ನಡುಮನೆಗೆ (ಜನ ಕೂರುವ ಉದ್ದನೆಯ ಭಾಗಕ್ಕೆ) ಹಾಕಿದ ಕಲ್ಲಿನ ಚಾವಣಿಯಲ್ಲಿ, ಸೃಷ್ಟಿಯಿಂದ ಹಿಡಿದು ಕಡೆಯ ತೀರ್ಪಿನವರೆಗಿನ ಬೈಬಲ್ ಕಥೆ ಈ ಗುಬ್ಬಿಗಳ ಮೇಲೆ ಸಾಲಾಗಿ ಸಾಗುತ್ತದೆ. ಬರಿಗಣ್ಣಿಗೆ ಅವು ಬಣ್ಣದ ಚುಕ್ಕೆಗಳಾಗಿ ಕಾಣುವುದರಿಂದ ದುರ್ಬೀನು ಒಯ್ಯಬೇಕು. ಕತ್ತು ನೋಯುವವರು ಪಕ್ಕದ ಪ್ರಾಕಾರಕ್ಕೆ ಹೋದರೆ ಅದೇ ಬಗೆಯ ಕೆತ್ತನೆಗಳು ಹೆಚ್ಚು ಹತ್ತಿರದಲ್ಲಿ ಕಾಣುತ್ತವೆ. 1297ರಲ್ಲಿ ಆರಂಭವಾದ ಆ ಪ್ರಾಕಾರದ ಕೆಲಸ, ನಡುವೆ ಮಹಾಮಾರಿ ಪ್ಲೇಗು ಬಂದು, 1430ರವರೆಗೆ ಎಳೆಯಿತು.

ಒಳಗಿನ ಸಂತ ಲೂಕನ ಪ್ರಾರ್ಥನಾಲಯದಲ್ಲಿ ಹದಿನಾಲ್ಕನೆಯ ಶತಮಾನದ ಕೊನೆಯ ಒಂದು ಚಿತ್ರಫಲಕವಿದೆ. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡು ಪೋಪನಿಂದ ಬೇರೆಯಾದ ಧರ್ಮಸುಧಾರಣೆಯ ಕಾಲದಲ್ಲಿ ಇಂಥವನ್ನೆಲ್ಲ ಒಡೆದು ಹಾಕುತ್ತಿದ್ದಾಗ ಯಾರೋ ಇದನ್ನು ಮಗುಚಿ ಮೇಜಿನ ಹಲಗೆಯಾಗಿ ಬಳಸಿದ್ದರು, ಚಿತ್ರ ಕೆಳಮುಖವಾಗಿದೆಯೆಂದು ಗೊತ್ತಾದದ್ದು 1847ರಲ್ಲಿ. ಕೆಥೀಡ್ರಲ್ಲಿನ ಹೊರಗೆ, ಪೂರ್ವದ ಕಡೆಯ ಹಸಿರಿನಲ್ಲಿ, ಮೊದಲ ಮಹಾಯುದ್ಧದಲ್ಲಿ ಸೈನಿಕರು ತಪ್ಪಿಸಿಕೊಳ್ಳಲು ನೆರವಾದಳೆಂದು ಬ್ರಸೆಲ್ಸ್‌ನಲ್ಲಿ 1915ರಲ್ಲಿ ಜರ್ಮನ್ನರ ಗುಂಡಿಗೆ ಬಲಿಯಾದ ದಾದಿ ಈಡಿತ್ ಕ್ಯಾವೆಲ್‌ಳ ಸಮಾಧಿಯಿದೆ. ಅವಳು ಇದೇ ಕೌಂಟಿಯ ಪಾದ್ರಿಯೊಬ್ಬರ ಮಗಳು.

ನಗರದೊಳಗೇ ಮಧ್ಯಯುಗದ ಚರ್ಚುಗಳು ಮೂವತ್ತರಷ್ಟಿವೆ. ಎಲ್ಲವನ್ನೂ ಮುಗಿಸುವ ಹಟ ಬೇಡ. ಮಾರುಕಟ್ಟೆಯ ಪಕ್ಕದ ಸೇಂಟ್ ಪೀಟರ್ ಮ್ಯಾನ್‌ಕ್ರಾಫ್ಟ್ ಸಾಕು, ಅದರ ಪೂರ್ವದ ಕಿಟಕಿಯಲ್ಲಿ ಹದಿನೈದನೆಯ ಶತಮಾನದಲ್ಲಿ ನಾರಿಚ್‌ನಲ್ಲೇ ತಯಾರಾದ ಬಣ್ಣದ ಗಾಜು ತುಂಬಿದೆ. ಬೇರೆ ಪಂಥಗಳ ಮಂದಿರಗಳಲ್ಲಿ ಆಸಕ್ತಿಯಿರುವವರು ಥಾಮಸ್ ಐವರಿ 1756ರಲ್ಲಿ ಮುಗಿಸಿದ ಯುನಿಟೇರಿಯನ್ನರ (ತ್ರಿಯೇಕತ್ವವನ್ನು ಒಪ್ಪದ ಕ್ರೈಸ್ತರ) ಎಂಟು ಮೂಲೆಯ ಆಕ್ಟಗನ್ ಚಾಪೆಲ್ಲನ್ನು ನೋಡಬಹುದು. ಚಿತ್ರವಿಲ್ಲದ, ಮೂರ್ತಿಯಿಲ್ಲದ, ಬೆಳಕು ಮತ್ತು ಅಳತೆಗಳಿಂದಷ್ಟೇ ಸೊಗಸಾದ ಕಟ್ಟಡವದು. ದಿನವೂ ತೆರೆದಿರುವುದಿಲ್ಲವಾದ್ದರಿಂದ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ಬೆಟ್ಟದ ಮೇಲಿನ ಕ್ಯಾಥೊಲಿಕ್ ಕೆಥೀಡ್ರಲ್ ಹಳೆಯದಾಗಿ ಕಂಡರೂ 1882ರಿಂದ 1910ರ ನಡುವೆ ನಾರ್ಫೋಕ್‌ನ ಡ್ಯೂಕನ ಹಣದಲ್ಲಿ ಎದ್ದದ್ದು. ಸಂತ ಜೂಲಿಯನ್ನರ ಪುಟ್ಟ ಚರ್ಚು 1942ರ ಬಾಂಬು ದಾಳಿಯಲ್ಲಿ ನಾಶವಾಗಿ ಮತ್ತೆ ಕಟ್ಟಲ್ಪಟ್ಟಿತು. ಆರುನೂರು ವರ್ಷಗಳ ಹಿಂದೆ ಇದರ ಗೋಡೆಗೆ ಅಂಟಿದ ಕೋಣೆಯಲ್ಲಿ ಏಕಾಂತವ್ರತದಲ್ಲಿದ್ದ ಅನುಭಾವಿ ಜೂಲಿಯನ್, ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಮಹಿಳೆಯರಲ್ಲಿ ನಮಗೆ ಗೊತ್ತಿರುವ ಮೊದಲಿಗಳು. ಅಕ್ಕಮಹಾದೇವಿಯ ವಚನಗಳನ್ನು ಓದಿಕೊಂಡು ಬೆಳೆದವರಿಗೆ ಆ ಬರಿಯ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಬೇಕೆನಿಸಬಹುದು.

ನಾರಿಚ್‌ನ ಅನುಕೂಲಗಳು ಸ್ಪಷ್ಟ: ಎಲ್ಲವೂ ನಡಿಗೆಯ ದೂರದಲ್ಲಿವೆ, ಊಟ ಮತ್ತು ಶೌಚಾಲಯಕ್ಕೆ ತೊಂದರೆಯಿಲ್ಲ, ಮಳೆ ಬಂದರೂ ದಿನ ಹಾಳಾಗುವುದಿಲ್ಲ. ಕೊರತೆಯೆಂದರೆ, ಕ್ಯಾಂಟರ್‌ಬರಿಯನ್ನೋ ಡರಮ್ಮನ್ನೋ ಈಗಾಗಲೇ ನೋಡಿರುವವರಿಗೆ ಕೆಥೀಡ್ರಲ್ಲಿನಲ್ಲಿ ಹೊಸದೆನ್ನಿಸುವುದು ಆ ಕೆತ್ತನೆಯ ಗುಬ್ಬಿಗಳಷ್ಟೇ. ಹಾಗಿರುವವರು ನಾರಿಚ್‌ನಿಂದ ರೈಲಿನಲ್ಲಿ ಕಾಲು ಗಂಟೆಯೊಳಗಿರುವ ವಿಂಡಂಗೆ ಹೋಗಲಿ (ನಕ್ಷೆಯಲ್ಲಿ ಇದನ್ನು ವೈಮಂಡ್‌ಹ್ಯಾಂ ಎಂದು ಓದುವಂತೆ ಬರೆದಿರುತ್ತಾರೆ). ಅಲ್ಲಿ 1107ರಲ್ಲಿ ಸ್ಥಾಪನೆಯಾದ ಮಠದ ಚರ್ಚನ್ನು ಸನ್ಯಾಸಿಗಳು ಮತ್ತು ಊರಿನವರು ಹಂಚಿಕೊಂಡಿದ್ದರು. ಆ ಹಂಚಿಕೆಯ ಜಗಳ ಪೋಪನವರೆಗೂ ಹೋಯಿತು, ಕೊನೆಗೆ ಒಂದೇ ಕಟ್ಟಡಕ್ಕೆ ಸನ್ಯಾಸಿಗಳದೊಂದು, ಊರಿನವರದೊಂದು ಎಂದು ಎರಡು ಗೋಪುರಗಳಾದವು. ಊರಿನವರ ಗೋಪುರದಿಂದಲೇ 1549ರ ರೈತ ದಂಗೆಯ ನಾಯಕ ರಾಬರ್ಟ್ ಕೆಟ್‌ನ ಅಣ್ಣ ವಿಲಿಯಮ್ಮನನ್ನು ನೇಣಿಗೆ ಹಾಕಲಾಯಿತು.

ಹಳ್ಳಿಗಳ ದೊಡ್ಡ ಚರ್ಚುಗಳು: ಕಾರಿದ್ದರೆ ಇದೇ

ನಾರಿಚ್‌ನಿಂದ ವಾಯವ್ಯಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟು ಹೋದರೆ ಕಾಸ್ಟನ್, ಬೂಟನ್, ಸಾಲ್ ಎಂಬ ಮೂರು ಊರುಗಳು ಒಂದಕ್ಕೊಂದು ಅಂಟಿಕೊಂಡಂತಿವೆ. ಮೂರನ್ನೂ ಒಂದು ಬೆಳಗಿನಲ್ಲಿ ನೋಡಬಹುದು, ನಡುವೆ ರೀಪಂ ಎಂಬ ಸಣ್ಣ ಪೇಟೆಯಲ್ಲಿ ಊಟ ಸಿಗುತ್ತದೆ. ನಾರ್ಫೋಕ್‌ನಲ್ಲಿ ಒಂದೇ ಅರ್ಧ ದಿನ ಕೊಟ್ಟರೆ ನಾನು ಆರಿಸಿಕೊಳ್ಳುವುದು ಇದನ್ನು.

ಸಾಲ್‌ನಲ್ಲಿ ಊರೆಂಬುದೇ ಹೆಚ್ಚುಕಡಿಮೆ ಇಲ್ಲ. ಒಂದಷ್ಟು ಮನೆಗಳು, ಒಂದು ಹಸಿರು ಬಯಲು, ಅದರ ಎದುರಿಗೆ ಪಟ್ಟಣಕ್ಕೆ ಸಾಲುವಷ್ಟು ದೊಡ್ಡದಾದ ಹದಿನೈದನೆಯ ಶತಮಾನದ ಚರ್ಚು. ಬಟ್ಟೆ ಮತ್ತು ಜಮೀನಿನಿಂದ ಬೆಳೆದ ಕೆಲವೇ ಮನೆತನಗಳು ಪೈಪೋಟಿಯಿಂದ ಇದನ್ನು ಕಟ್ಟಿಸಿದವು. ಅವುಗಳಲ್ಲಿ ಬೊಲಿನ್ ಮನೆತನವೂ ಒಂದು, ಎಂಟನೆಯ ಹೆನ್ರಿಯ ರಾಣಿ ಆ್ಯನ್ ಬೊಲಿನ್‌ಳ ಮುತ್ತಜ್ಜನ ತಂದೆ ಜೆಫ್ರಿಯ ಹಿತ್ತಾಳೆಯ ಸಮಾಧಿಫಲಕ ಇಲ್ಲಿನ ನೆಲದಲ್ಲಿದೆ. ಪಶ್ಚಿಮದ ಬಾಗಿಲ ಮೇಲೆ ಮೈಯೆಲ್ಲ ಗರಿ ಹೊದ್ದ ಇಬ್ಬರು ದೇವದೂತರು ಧೂಪದಾನಿಗಳನ್ನು ಬೀಸುತ್ತಿದ್ದಾರೆ. ಒಳಗಿನ ಜ್ಞಾನಸ್ನಾನದ ತೊಟ್ಟಿಯ ಸುತ್ತ ಚರ್ಚಿನ ಏಳು ಸಂಸ್ಕಾರಗಳನ್ನು ಕೆತ್ತಿದ್ದಾರೆ, ಅದರ ಮೇಲಿನ ಎತ್ತರದ ಮರದ ಮುಚ್ಚಳವನ್ನು ಎತ್ತಲು ಮೇಲಿನಿಂದ ಚಾಚಿದ ಹಳೆಯ ತೊಲೆ ಮತ್ತು ರಾಟೆ ಇಂದಿಗೂ ಇದೆ. ಬಣ್ಣ ಹೆಚ್ಚು ಉಳಿದಿಲ್ಲ. ಮಾಸಿದ ಮರ, ಬಿಳಿಯ ಬೆಳಕು, ಖಾಲಿ ಜಾಗ ಇಷ್ಟೇ ಇರುವುದರಿಂದ ಮಕ್ಕಳಿಗೆ ಬೇಗ ಬೇಸರವಾಗಬಹುದು.

ಮಕ್ಕಳಿಗೆ ಕಾಸ್ಟನ್ ಮೇಲು. ಅಲ್ಲಿನ ಮರದ ಚಾವಣಿಯ ತೊಲೆಗಳ ತುದಿಯಲ್ಲಿ ರೆಕ್ಕೆ ಬಿಚ್ಚಿದ ದೇವದೂತರು ಇನ್ನೇನು ಹಾರಿಬಿಡುವಂತೆ ನಿಂತಿದ್ದಾರೆ. ಕೆಳಗೆ, ಜನ ಕೂರುವ ಭಾಗವನ್ನು ಬಲಿಪೀಠದ ಭಾಗದಿಂದ ಬೇರ್ಪಡಿಸುವ ಮರದ ತೆರೆಯ ಮೇಲೆ ಸಂತರ ಸಾಲು ಚಿತ್ರಗಳಿವೆ. ಅವುಗಳಲ್ಲೊಂದರಲ್ಲಿ ಜಾನ್ ಶೋರ್ನ್ ಎಂಬ ಪಾದ್ರಿ ಕೈಯಲ್ಲಿ ಉದ್ದನೆಯ ಬೂಟೊಂದನ್ನು ಹಿಡಿದಿದ್ದಾನೆ, ಅದರೊಳಗಿಂದ ಪುಟ್ಟ ಸೈತಾನ ಇಣುಕುತ್ತಾನೆ. ಪೋಪನು ಸಂತನೆಂದು ಘೋಷಿಸದಿದ್ದರೂ ಜನರೇ ಸಂತನನ್ನಾಗಿ ಮಾಡಿಕೊಂಡವನು ಈತ, ಸಂಧಿವಾತಕ್ಕೆ ಇವನಿಗೆ ಹರಕೆ ಹೊರುತ್ತಿದ್ದರು. ಬೂಟನ್ ಹಳೆಯದಲ್ಲ, ಹತ್ತೊಂಬತ್ತನೆಯ ಶತಮಾನದ ಪಾದ್ರಿ ವಿಟ್‌ವೆಲ್ ಎಲ್ವಿನ್ ವಾಸ್ತುಶಿಲ್ಪಿಯ ನೆರವಿಲ್ಲದೆ ತನಗೆ ಬೇರೆಡೆ ಹಿಡಿಸಿದ್ದನ್ನೆಲ್ಲ ಸೇರಿಸಿ ಕಟ್ಟಿಸಿದ್ದು. ಶುದ್ಧ ಅಭಿರುಚಿಯವರು ಮೂಗು ಮುರಿಯುತ್ತಾರೆ, ನನಗೆ ಅದರ ಎರಡು ಸಪೂರ ಗೋಪುರಗಳು ಹೊಲದ ಮೇಲೆ ಕಾಣುವ ಬಗೆ ಇಷ್ಟ.

ಚಿತ್ರಗಳಿಗಾಗಿಯೇ ಹೋಗುವವರು ನಾರಿಚ್‌ನ ಪೂರ್ವಕ್ಕೆ, ಬ್ರಾಡ್ಸ್ ಎಂಬ ಕೆರೆಗಳ ಸೀಮೆಯಲ್ಲಿರುವ ರ‍್ಯಾನ್‌ವರ್ತ್‌ಗೆ ಹೋಗಬೇಕು. ಅಲ್ಲಿನ ಚಿತ್ರಿತ ತೆರೆ ಇಡೀ ಇಂಗ್ಲೆಂಡಿನ ಅತ್ಯುತ್ತಮವಾದವುಗಳಲ್ಲಿ ಒಂದು. ಅದರ ಸಂತ ಮೈಕೇಲ ಗರಿಯುಡುಪಿನಲ್ಲಿ, ಏಳು ತಲೆಯ ಘಟಸರ್ಪದ ಮೇಲೆ ನಿಂತು ಕತ್ತಿ ಎತ್ತಿದ್ದಾನೆ, ಮುಖದಲ್ಲಿ ಮಾತ್ರ ಕೋಪದ ಲವಲೇಶವೂ ಇಲ್ಲ. ಹತ್ತಿರ ಹೋಗಿ ನೋಡಿದರೆ ಬಟ್ಟೆಗಳ ಮೇಲಿನ ಚಿನ್ನದ ಹೂಬಳ್ಳಿಗಳೂ ಕಾಣುತ್ತವೆ. ಗೋಪುರ ಹತ್ತಲು 89 ಮೆಟ್ಟಿಲುಗಳಿವೆ, ಆ ಮೇಲೆ ಏಣಿಗಳು, ಕಡೆಗೆ ತಲೆಯಿಂದ ತಳ್ಳಿ ತೆರೆಯುವಂಥ ಬಾಗಿಲು. ಮಂಡಿನೋವಿರುವವರನ್ನು ಇಲ್ಲಿಗೆ ಹತ್ತಿಸಬಾರದು. ಪುಣ್ಯಕ್ಕೆ ಚರ್ಚಿನ ಬಳಿಯೇ ಚಹಾದ ಜಾಗವಿದೆ, ಹತ್ತದವರು ಅಲ್ಲಿ ಕಾಯಬಹುದು.

ವಾಲ್ಸಿಂಗಂ ಮತ್ತು ಬಿನಂ: ಭಕ್ತಿಗಾಗಿ ಹೋಗುವವರಿಗೆ

1061ರಲ್ಲಿ ರಿಚೆಲ್ಡಿಸ್ ಎಂಬ ಶ್ರೀಮಂತ ಮಹಿಳೆಗೆ ಕನ್ಯೆ ಮರಿಯಳ ದರ್ಶನವಾಗಿ, ನಜರೇತಿನ ಮನೆಯ ಮಾದರಿಯನ್ನು ಇಲ್ಲಿ ಕಟ್ಟಿಸಿದಳೆಂಬುದು ಪ್ರತೀತಿ. ಮುಂದಿನ ನಾಲ್ಕೂವರೆ ಶತಮಾನ ವಾಲ್ಸಿಂಗಂ ಯುರೋಪಿನ ದೊಡ್ಡ ಯಾತ್ರಾಸ್ಥಳಗಳಲ್ಲಿ ಒಂದಾಗಿತ್ತು. ಎಂಟನೆಯ ಹೆನ್ರಿ ಸ್ವತಃ ಬರಿಗಾಲಲ್ಲಿ ನಡೆದು ಬಂದು ಕಾಣಿಕೆ ಸಲ್ಲಿಸಿದ್ದ, 1538ರಲ್ಲಿ ಮಠವನ್ನು ಮುಚ್ಚಿಸಿ ಮರಿಯಳ ಪ್ರತಿಮೆಯನ್ನು ಸುಡಿಸಿದ್ದೂ ಅದೇ ಹೆನ್ರಿಯ ಆಡಳಿತ. ಇಂದು ಮಠದ ಜಾಗದಲ್ಲಿ ಉಳಿದಿರುವುದು ಪೂರ್ವದ ಕಿಟಕಿಯ ಎತ್ತರದ ಕಮಾನು ಮತ್ತು ಹುಲ್ಲುಹಾಸು.

ಆದರೆ ಯಾತ್ರೆ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಚಿಗುರಿತು. ಆಂಗ್ಲಿಕನ್ನರು, ಎಂದರೆ ಚರ್ಚ್ ಆಫ್ ಇಂಗ್ಲೆಂಡಿನವರು, ಊರೊಳಗೆ 1931ರಲ್ಲಿ ಪವಿತ್ರ ಮನೆಯನ್ನು ಮತ್ತೆ ಕಟ್ಟಿದರು. ಕ್ಯಾಥೊಲಿಕರ ಕೇಂದ್ರ ಒಂದೂವರೆ ಕಿಲೋಮೀಟರ್ ದೂರದ ಸ್ಲಿಪರ್ ಚಾಪೆಲ್, ಹದಿನಾಲ್ಕನೆಯ ಶತಮಾನದ ಈ ಪುಟ್ಟ ಕಟ್ಟಡದಲ್ಲಿ ಯಾತ್ರಿಕರು ಪಾದರಕ್ಷೆ ಬಿಟ್ಟು ಕಡೆಯ ಮೈಲಿಯನ್ನು ಬರಿಗಾಲಲ್ಲಿ ನಡೆಯುತ್ತಿದ್ದರೆಂದು ಹೇಳುತ್ತಾರೆ. ಸುಧಾರಣೆಯ ನಂತರ ಬೇರೆ ಬೇರೆ ಕೆಲಸಕ್ಕೆ ಬಳಕೆಯಾಗಿ ಹಾಳುಬಿದ್ದಿದ್ದ ಇದನ್ನು ಶಾರ್ಲೆಟ್ ಬಾಯ್ಡ್ ಎಂಬಾಕೆ 1896ರಲ್ಲಿ ಕೊಂಡು ಜೀರ್ಣೋದ್ಧಾರ ಮಾಡಿಸಿದಳು. ಹಳೆಯ ರೈಲು ನಿಲ್ದಾಣದಲ್ಲಿ ಆರ್ಥೊಡಾಕ್ಸ್ ಪಂಥದ ಪುಟ್ಟ ಪ್ರಾರ್ಥನಾಲಯವೂ ಇದೆ. ಬೇಸಿಗೆಯಲ್ಲಿ ಬ್ರಿಟನ್ನಿನ ತಮಿಳು ಕ್ರೈಸ್ತರು ಮತ್ತು ಕೇರಳದ ಸಿರೋ ಮಲಬಾರ್ ಸಭೆಯವರು ಇಲ್ಲಿ ಸಾವಿರ ಸಂಖ್ಯೆಯಲ್ಲಿ ನೆರೆಯುತ್ತಾರೆ. ಸೀರೆ, ಮಲ್ಲಿಗೆ, ಬುತ್ತಿಯ ಡಬ್ಬಿಗಳ ನಡುವೆ ಆ ದಿನಗಳಲ್ಲಿ ಅದು ವೇಲಾಂಕಣಿಯ ಜಾತ್ರೆಯೇ. ಜನಜಂಗುಳಿ ಬೇಕೆಂದವರು ಆ ದಿನಗಳನ್ನೇ ನೋಡಿಕೊಂಡು ಹೋಗಲಿ, ಬೇಡವೆನ್ನುವವರು ಮೊದಲೇ ವಿಚಾರಿಸಿ ಆ ದಿನಗಳನ್ನು ತಪ್ಪಿಸಲಿ.

ಕಟ್ಟಡದ ಸೊಗಸನ್ನು ಅರಸಿ ವಾಲ್ಸಿಂಗಮ್ಮಿಗೆ ಹೋದವರಿಗೆ ನಿರಾಸೆಯಾಗುತ್ತದೆ. ಈಗಿನ ಮಂದಿರಗಳಲ್ಲಿ ಹೆಚ್ಚಿನವು ಹೊಸವು, ಅಂಗಡಿಗಳಲ್ಲಿ ಪ್ಲಾಸ್ಟರ್ ಪ್ರತಿಮೆಗಳ ಸಾಲು. ಇಲ್ಲಿ ನೋಡಬೇಕಾದದ್ದು ಮೇಣದ ಬತ್ತಿ ಹಚ್ಚಿ ಮೊಣಕಾಲೂರಿದ ಜನರನ್ನು. ಕಟ್ಟಡವೂ ಬೇಕೆಂದರೆ ಎಂಟು ಕಿಲೋಮೀಟರಿನ ಒಳಗೇ ಇರುವ ಬಿನಂಗೆ ಹೋಗಬೇಕು. ಬೆನೆಡಿಕ್ಟಿನ್ ಮಠ ಹಾಳಾದರೂ ಅದರ ಚರ್ಚಿನ ನಡುಮನೆ ಇಂದಿಗೂ ಊರಿನವರ ಆರಾಧನೆಗೆ ಉಳಿದಿದೆ, ಪ್ರವೇಶಕ್ಕೆ ದುಡ್ಡಿಲ್ಲ. ಒಳಗೆ ಹಳೆಯ ತೆರೆಯ ಕೆಲವು ಹಲಗೆಗಳನ್ನು ಇಟ್ಟಿದ್ದಾರೆ. ಸುಧಾರಣೆಯ ಕಾಲದಲ್ಲಿ ಅವುಗಳ ಮೇಲಿನ ಸಂತರಿಗೆ ಬಿಳಿಯ ಬಣ್ಣ ಬಳಿದು, ಅದರ ಮೇಲೆ ಕಪ್ಪು ದಪ್ಪಕ್ಷರಗಳಲ್ಲಿ ಇಂಗ್ಲಿಷ್ ಬೈಬಲಿನ ವಾಕ್ಯಗಳನ್ನು ಬರೆದರು. ಕಾಲ ಕಳೆದಂತೆ ಬಿಳಿ ಸವೆದು, ಅಕ್ಷರಗಳ ಸಂದಿಯಿಂದ ಒಂದು ಕೆನ್ನೆ, ಒಂದು ಪ್ರಭಾವಳಿ, ಒಂದು ಜೊತೆ ಕಣ್ಣು ಮೇಲೆದ್ದು ಬಂದಿವೆ. ಇಂಗ್ಲೆಂಡಿನ ಧಾರ್ಮಿಕ ಇತಿಹಾಸವನ್ನು ಒಂದೇ ಹಲಗೆಯಲ್ಲಿ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಗುಂಡು ಗೋಪುರಗಳು ಮತ್ತು ಕರಾವಳಿ

ಇಂಗ್ಲೆಂಡಿನಲ್ಲಿ ಗುಂಡು ಗೋಪುರದ ಚರ್ಚುಗಳು 185ರ ಆಸುಪಾಸು ಇವೆ, ಅವುಗಳಲ್ಲಿ 120ಕ್ಕೂ ಹೆಚ್ಚು ನಾರ್ಫೋಕ್‌ನಲ್ಲೇ. ಇಲ್ಲಿ ಹೇರಳವಾಗಿ ಸಿಗುವ ಚಕಮಕಿ ಕಲ್ಲಿನಿಂದ ಮೂಲೆ ಕಟ್ಟುವುದು ಕಷ್ಟವಾದ್ದರಿಂದ ಗೋಪುರವನ್ನು ಗುಂಡಗೆ ಕಟ್ಟಿದರೆಂದು ಒಂದು ವಾದವಿದೆ, ಎಲ್ಲ ವಿದ್ವಾಂಸರೂ ಅದನ್ನು ಒಪ್ಪುವುದಿಲ್ಲ. ಇವು ಸಣ್ಣವು, ಬಡವು, ಹಳೆಯವು. ಒಂದನ್ನು ನೋಡಲು ಅರ್ಧ ಗಂಟೆ ಸಾಕು. ಕೌಂಟಿಯ ಆಗ್ನೇಯದ ಹೇಲ್ಸ್‌ನಲ್ಲಿರುವ ಸೇಂಟ್ ಮಾರ್ಗರೆಟ್ ಚರ್ಚು ಇವುಗಳಲ್ಲಿ ಅತಿ ಚೆಲುವಿನದು. ಹುಲ್ಲು ಹೊದಿಸಿದ ಸೂರು, ನಾರ್ಮನ್ ಕಾಲದ (ಹನ್ನೆರಡನೆಯ ಶತಮಾನದ) ಪದರ ಪದರ ಕೆತ್ತನೆಯ ಬಾಗಿಲು, ಸುತ್ತ ಹೊಲ. ನಿತ್ಯ ಪ್ರಾರ್ಥನೆ ನಿಂತುಹೋದ ಇಂಥ ಚರ್ಚುಗಳನ್ನು ಚರ್ಚಸ್ ಕನ್ಸರ್ವೇಷನ್ ಟ್ರಸ್ಟ್ ನೋಡಿಕೊಳ್ಳುತ್ತದೆ. ನೆಮ್ಮದಿ ಬೇಕೆನ್ನುವವರಿಗೆ ಇದು, ಕಾರು ಮಾತ್ರ ಬೇಕೇ ಬೇಕು.

ಕಾರಿಲ್ಲದೆಯೂ ಹಳ್ಳಿಯ ಚರ್ಚು ನೋಡಬೇಕೆನ್ನುವವರಿಗೆ ಉತ್ತರ ಕರಾವಳಿಯ ಬಸ್ಸೊಂದೇ ದಾರಿ. ಆ ರಸ್ತೆಯ ಬರ್ನಂ ಡೀಪ್‌ಡೇಲ್‌ನ ಚರ್ಚಿಗೂ ಗುಂಡು ಗೋಪುರವಿದೆ, ಒಳಗಿನ ನಾರ್ಮನ್ ಕಾಲದ ಚೌಕ ತೊಟ್ಟಿಯ ಮೇಲೆ ವರ್ಷದ ಹನ್ನೆರಡು ತಿಂಗಳ ದುಡಿಮೆಯನ್ನು ಕೆತ್ತಿದ್ದಾರೆ. ಜನವರಿಯಲ್ಲೊಬ್ಬ ಕೊಂಬಿನಿಂದ ಕುಡಿಯುತ್ತಾನೆ, ಆಗಸ್ಟಿನಲ್ಲಿ ಸಿವುಡು ಕಟ್ಟುತ್ತಾನೆ, ಸೆಪ್ಟೆಂಬರಿನಲ್ಲಿ ಕಾಳು ಬಡಿಯುತ್ತಾನೆ, ನವೆಂಬರಿನಲ್ಲಿ ಹಂದಿ ಕೊಯ್ಯುತ್ತಾನೆ, ಡಿಸೆಂಬರಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾರೆ. ಸುಗ್ಗಿಯ ಲೆಕ್ಕದಲ್ಲಿ ವರ್ಷ ಎಣಿಸಿದ ಮನೆಗಳಿಂದ ಬಂದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಕಿಂಗ್ಸ್ ಲಿನ್

ಕೇಂಬ್ರಿಜ್ ಕಡೆಯವರಿಗೆ ಒಂದು ದಿನದ ರೈಲು ಪ್ರಯಾಣಕ್ಕೆ ಇದು ನಾರಿಚ್‌ಗಿಂತ ಹತ್ತಿರ ಮತ್ತು ಕಡಿಮೆ ಗದ್ದಲದ್ದು. ಹಳೆಯ ಬಂದರಿನ ವರ್ತಕರ ಚರ್ಚಾದ ಸೇಂಟ್ ಮಾರ್ಗರೆಟ್‌ನಲ್ಲಿ ಹದಿನಾಲ್ಕನೆಯ ಶತಮಾನದ ಎರಡು ಭಾರಿ ಹಿತ್ತಾಳೆ ಫಲಕಗಳಿವೆ, ಒಂದರ ಬುಡದಲ್ಲಿ ನವಿಲಿನ ಔತಣದ ದೃಶ್ಯವಿದೆ. ಸಮುದ್ರಕ್ಕೆ ಭರತ ಬರುವ ಹೊತ್ತನ್ನು ಹಸಿರು ಡ್ರ್ಯಾಗನ್ನಿನ ನಾಲಗೆಯಿಂದ ತೋರಿಸುವ ಗಡಿಯಾರ ನೋಡುವಂಥದ್ದು, ಬಾಗಿಲ ಪಕ್ಕದಲ್ಲಿ 1953 ಮತ್ತು 1978ರ ಪ್ರವಾಹದ ನೀರು ಎಲ್ಲಿಯವರೆಗೆ ಏರಿತ್ತೆಂಬ ಗುರುತುಗಳೂ ಇವೆ. ಪಟ್ಟಣದ ಇನ್ನೊಂದು ತುದಿಯ ಸೇಂಟ್ ನಿಕೊಲಸ್ ಚಾಪೆಲ್‌ನಲ್ಲಿ ದೇವದೂತರ ಚಾವಣಿಯಿದೆ. ಹಳ್ಳಿಗೆ ಹೋಗದೆ ಅದನ್ನು ನೋಡಬೇಕೆನ್ನುವವರಿಗೆ ಇದೇ ಸುಲಭ. ಕಾರಿದ್ದವರು ಪಶ್ಚಿಮದ ತಗ್ಗುನಾಡಿನ ವಾಲ್‌ಪೋಲ್ ಸೇಂಟ್ ಪೀಟರ್‌ಗೆ ಮುಂದುವರಿಯಬಹುದು. ಮಳೆಯಲ್ಲಿ ಶವಸಂಸ್ಕಾರ ನಡೆಸುವಾಗ ಪಾದ್ರಿ ನೆನೆಯದಂತೆ ಸಮಾಧಿಯ ಬಳಿಗೆ ಹೊತ್ತೊಯ್ಯುತ್ತಿದ್ದ ಮರದ ಗೂಡು ಅಲ್ಲಿದೆ.

ಹಾಳುಮಠಗಳಲ್ಲಿ ಒಂದನ್ನೇ ನೋಡುವುದಾದರೆ ಕಾಸಲ್ ಏಕರ್, ಅದರ ಪಶ್ಚಿಮದ ಮುಖಭಾಗದ ಕಮಾನುಗಳ ಸಾಲು ಟಿಕೆಟ್ಟಿನ ಹಣಕ್ಕೆ ಮೋಸವಿಲ್ಲ.

ಯಾರಿಗೆ ಯಾವುದು

ಒಂದೇ ದಿನ, ಕಾರಿಲ್ಲ, ಹಿರಿಯರು ಜೊತೆಗಿದ್ದಾರೆ ಎಂದಾದರೆ ನಾರಿಚ್, ಎರಡನೆಯ ಮಾತಿಲ್ಲ. ಕೆಥೀಡ್ರಲ್‌ಗೆ ಬೆಳಗಿನ ಹೊತ್ತನ್ನು ಕೊಟ್ಟು, ಮಧ್ಯಾಹ್ನ ಮ್ಯಾನ್‌ಕ್ರಾಫ್ಟ್ ನೋಡಿ, ಸಂಜೆ ಗಾಯನವೃಂದ ಹಾಡುವ ಪ್ರಾರ್ಥನೆಗೆ ಕೆಥೀಡ್ರಲ್ಲಿಗೇ ಮರಳಬಹುದು. ಕ್ರೈಸ್ತರಲ್ಲದವರೂ ಹಿಂದೆ ಕೂತು ಕೇಳಲು ಅಡ್ಡಿಯಿಲ್ಲ. ಎರಡು ದಿನ ಮತ್ತು ಕಾರು ಎರಡೂ ಇದ್ದರೆ ಮೊದಲ ದಿನ ರ‍್ಯಾನ್‌ವರ್ತ್, ಕಾಸ್ಟನ್, ಸಾಲ್, ಎರಡನೆಯ ದಿನ ಬಿನಂ, ವಾಲ್ಸಿಂಗಂ, ಡೀಪ್‌ಡೇಲ್. ನಾರಿಚ್ ಅನ್ನು ಮತ್ತೊಮ್ಮೆಗೆ ಬಿಡಬಹುದು, ರೈಲು ಹೇಗೂ ಇದೆ. ಖರ್ಚು ತಗ್ಗಿಸಬೇಕಾದವರು ನಾರಿಚ್ ನಗರದ ಬದಲು ರೀಪಂ ಅಥವಾ ಫೇಕನಂ ಕಡೆಯ ಸಣ್ಣ ಪೇಟೆಗಳಲ್ಲಿ ತಂಗುವ ಜಾಗವನ್ನು ಹುಡುಕಿ ನೋಡಲಿ, ಕರಾವಳಿಯ ಊರುಗಳಲ್ಲಿ ಬೇಸಿಗೆಯ ಬಾಡಿಗೆ ಏರಿರುತ್ತದೆ.

ಲಂಡನ್ನಿನಿಂದ ಎ11 ರಸ್ತೆಯಲ್ಲಿ ಕಾರಿನಲ್ಲಿ ಬರುವವರಿಗೆ ಇನ್ನೊಂದು ತಂಗುದಾಣವಿದೆ. ನಾರ್ಫೋಕ್ ಗಡಿಗೆ ಸ್ವಲ್ಪ ಮೊದಲು, ನೆರೆಯ ಸಫೋಕ್ ಕೌಂಟಿಗೆ ಸೇರಿದ ಎಲ್ವೆಡೆನ್ ಹಳ್ಳಿಯ ಚರ್ಚಿನ ಅಂಗಳದಲ್ಲಿ, ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್ 1893ರಿಂದ ಮಲಗಿದ್ದಾನೆ. ಗಡಿ ದಾಟಿದರೆ ಸಿಗುವ ಥೆಟ್‌ಫರ್ಡ್ ಪಟ್ಟಣದಲ್ಲಿ ಅವನ ಕುದುರೆ ಸವಾರಿಯ ಪ್ರತಿಮೆಯೂ, ಮಗ ಫ್ರೆಡರಿಕ್ ಊರಿಗೆ ಕೊಟ್ಟ ಹಳೆಯ ಮನೆಯ ವಸ್ತುಸಂಗ್ರಹಾಲಯವೂ ಇವೆ.

ಹೋಗುವ ಕಾಲವೆಂದರೆ ಮೇ ತಿಂಗಳಿನಿಂದ ಸೆಪ್ಟೆಂಬರ್. ನವೆಂಬರ್ ಬಂದಿತೆಂದರೆ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಹಳ್ಳಿಯ ಚರ್ಚುಗಳಲ್ಲಿ ದೀಪದ ಸ್ವಿಚ್ಚು ಎಲ್ಲಿದೆಯೆಂದು ಹುಡುಕುವುದೇ ಕೆಲಸವಾಗುತ್ತದೆ. ಒಳಗೆ ಚಪ್ಪಲಿ ಬಿಡಬೇಕಾಗಿಲ್ಲ, ಚಿತ್ರ ತೆಗೆಯಲು ಸಾಮಾನ್ಯವಾಗಿ ತಕರಾರಿಲ್ಲ. ಪೀಠಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರೆ ಅದು ಬಾವಲಿಗಳ ಹಿಕ್ಕೆಗಾಗಿ, ಕಾನೂನಿನ ರಕ್ಷಣೆಯಿರುವುದರಿಂದ ಅವನ್ನು ಓಡಿಸುವಂತಿಲ್ಲ. ಹೊರಡುವಾಗ ಬಾಗಿಲನ್ನು, ಹಕ್ಕಿ ನುಗ್ಗದಂತೆ ಹೊರಗೆ ಹಾಕಿರುವ ಜಾಲರಿ ಬಾಗಿಲನ್ನೂ ಸೇರಿಸಿ, ಎಳೆದು ಮುಚ್ಚಿ ಬನ್ನಿ.